ನಿಲುಗನ್ನಡಿಯ ಹಿಂದಿನ ಅಕ್ಷರ

ಅಲ್ಲ, ಎಡಗೈ ಇರಲಿಕ್ಕಿಲ್ಲ, ಬಲಗೈಯೇ ಇರಬೇಕು. ಆಕೆಯ ಹೆಬ್ಬೆರಳ ಉಗುರು ನಟ್ಟನಡುವೆ ಸೀಳಿ, ಎರಡು ಪುಟ್ಟ ಕದಗಳ ಹಾಗೆ ಬೆಳೆದಿತ್ತು. ಎಂದೋ ಒಮ್ಮೆ ಹೊಲಿಗೆ ಮಶಿನ್ನಿನ ಸೂಜಿ ಅದರೊಳಗಿಂದ ಹಾದುಹೋಗಿತ್ತಂತೆ. ಆದರೆ ಕೈಯಿಂದ ತಿರುಗಿಸುವ ಮಶಿನ್ ಅದು: ಚಕ್ರ ತಿರುವುವುದು ಬಲಗೈ, ಬಟ್ಟೆ ಸರಿಸುವುದು ಎಡಗೈ. ಸೂಜಿಗೆ ಸಿಕ್ಕಿದ್ದು ಎಡಗೈ ಆಗಿದ್ದರೇ ಸರಿ. ಹಾಗಿದ್ದರೂ ನನ್ನ ಕಣ್ಣಿಗೆ ಬರುವುದು ಬಲಗೈಯೇ. ಆಕೆಯ ಕೈಗಳನ್ನು ನಾನು ಹೆಚ್ಚಾಗಿ ನೋಡಿದ್ದು ಕನ್ನಡಿಯಲ್ಲಿ ಎನ್ನುವುದು ಇದಕ್ಕೆ ಕಾರಣವಿರಬಹುದು. ಹಾಗಾದರೆ ಉಳಿದದ್ದರಲ್ಲಿ ಎಷ್ಟು ತಿರುವುಮುರುವಾಗಿದೆಯೋ, ಅದನ್ನು ತಿದ್ದಲು ನನ್ನಲ್ಲಿ ದಾರಿ ಇಲ್ಲ.

ಆಕೆ ಸೊಲ್ಲಾಪುರದಲ್ಲಿ ನನ್ನ ಮನೆಯೊಡತಿ. ಓಣಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮುಂದಿನ ಖೋಲಿಯಲ್ಲಿ ಕೂತು ಹೆಂಗಸರ ಕುಬಸ ಹೊಲಿಯುತ್ತಿದ್ದಳು. ಹಿಂದಿನ ಖೋಲಿ ನನ್ನದು. ನಾನು ಆಗಷ್ಟೇ ಹುಡುಗಿಯರ ಸಾಲೆಗೆ ಮಾಸ್ತರಿಣಿಯಾಗಿ ಸೇರಿದ್ದೆ. ಆಕೆ ನನಗೆ ಅಕ್ಕೋರ ಎನ್ನುತ್ತಿದ್ದಳು.

ಕಾಕುಗೆ ಓದು ಬರಹ ಬರುತ್ತಿರಲಿಲ್ಲ. ಅಳತೆಪಟ್ಟಿಯನ್ನೂ ಮುಟ್ಟುತ್ತಿರಲಿಲ್ಲ. ಬಂದವರ ಎದೆ, ಭುಜ, ತೋಳುಗಳಿಗೆ ಒಂದೊಂದು ದಾರ ಸುತ್ತಿ, ಅಳತೆ ಬಂದಲ್ಲಿ ಗಂಟು ಹಾಕಿ ಮೊಳೆಗೆ ತೂಗುಹಾಕುತ್ತಿದ್ದಳು. ಗೋಡೆಯ ತುಂಬ ದಾರ. ಯಾವ ದಾರ ಯಾರದೆಂದು ಕೇಳಿದರೆ ಸಿಟ್ಟು: “ಮನಷ್ಯಾರ ಗುರುತು ನೆನಪಿಡಾಕ ಬರಂಗಿಲ್ಲೇನ್ರಿ ಅಕ್ಕೋರ? ನಿಮ್ಮ ಹಾಜರಿ ಪುಸ್ತಕದಾಂಗ ಕೂಗಬೇಕೇನು?” ಈ ಮಾತನ್ನೂ ಆಕೆ ತುಟಿಗಳ ನಡುವೆ ಟಾಚಣಿ, ಅಂದರೆ ಗುಂಡುಸೂಜಿ, ಕಚ್ಚಿಕೊಂಡೇ ಆಡಿದ್ದಾಳು. ಆಕೆಯ ಅರ್ಧ ಮಾತು ಟಾಚಣಿಗಳ ಸಂದಿಯಿಂದ ಸೋರಿ ಬಂದದ್ದು.

ಮನೆಯಲ್ಲಿ ಇದ್ದದ್ದು ಅಂಗೈಯಗಲದ ಕನ್ನಡಿ. ಕುಬಸ ತೊಟ್ಟವರು ಅದನ್ನು ಮೇಲೆ ಕೆಳಗೆ ಆಡಿಸಿ ತಮ್ಮನ್ನು ತುಂಡು ತುಂಡಾಗಿ ನೋಡಿಕೊಳ್ಳಬೇಕು. ನಿಲುಗನ್ನಡಿ ಒಂದು ತರಬೇಕು, ಮುಂದಿನ ಖೋಲಿಗೂ ಕಳೆ ಬರುತ್ತದೆ ಎಂದು ಕಾಕು ಅನ್ನುತ್ತಲೇ ಇದ್ದಳು. ಅದು ಗಿರಾಕಿಗಳಿಗಾಗಿ ಎಂದು ನಾನು ತಿಳಿದಿದ್ದೆ. ಜುನಾ ಬಜಾರಿನ ಹಳೆ ಸಾಮಾನಿನ ಚಾಚಾ ಅಕ್ಕಲಕೋಟೆಯ ಒಬ್ಬ ಸರದಾರರ ವಾಡೆಯ ಸಾಮಾನು ತಂದಿದ್ದಾನೆ, ಅದರಲ್ಲಿ ನಿಲುಗನ್ನಡಿಗಳಿವೆ ಎಂಬ ಸುದ್ದಿ ಬಂದಾಗಲೇ ನಿಜವಾದ ಸಂಗತಿ ಹೊರಬಿತ್ತು. ಸಂಸ್ಥಾನ ಹೋದಮೇಲೆ ಆ ಸರದಾರರ ಮನೆಯವರು ಪುಣೆಗೆ ಹೊರಟುಹೋಗಿದ್ದರು.

ಕಾಕು ಮಶಿನ್ ನಿಲ್ಲಿಸಿದಳು. ಬಾಯಿಂದ ಟಾಚಣಿಗಳನ್ನು ಒಂದೊಂದೇ ತೆಗೆದು ಡಬ್ಬಿಗೆ ಹಾಕಿದಳು.

“ನಮ್ಮವ್ವ ಆ ವಾಡೇದಾಗ ಕಸಾ ಹೊಡೀತಿದ್ಳು,” ಎಂದಳು. “ಅವರು ಕನ್ನಡಿ ಒರಸು ಅಂದಿದ್ರು, ನೋಡು ಅಂದಿರಲಿಲ್ಲ. ಒಂದಿನಾ ಯಾರೂ ಇರಲಿಲ್ಲ. ಅವ್ವ ಒರಸಾಕಿ ನಿಂತುಬಿಟ್ಳು. ತಲಿಮ್ಯಾಗಿನ ಸೆರಗ ಸರಿ ಮಾಡಿಕೊಂಡ್ಳು. ಅಡಿಯಿಂದ ಮುಡೀತನಕ ನೋಡಿಕೊಂಡ್ಳು. ನಾ ಮಗ್ಗಲಕ್ಕ ನಿಂತಿದ್ದೆ. ಮುಂದ ಸ್ವಲ್ಪ ದಿನಕ್ಕ ಜ್ವರಾ ಬಂದು ಸತ್ಳು. ಫೋಟೋ ಇಲ್ಲ, ಏನಿಲ್ಲ. ಈಗ ಅವ್ವನ ಮಾರಿ ನೆನಸಿದ್ರ ಆ ಕನ್ನಡ್ಯಾಗಿಂದ ಬರತದ ನೋಡ್ರಿ. ಎದುರಿಗೆ ನಿಂತ ಅವ್ವ ಬರೂದೇ ಇಲ್ಲ.”

ಇದನ್ನು ಆಕೆ ಇಷ್ಟು ನೇರವಾಗಿ, ಒಂದೇ ಸಲಕ್ಕೆ ಹೇಳಿದಳೇ? ಅನುಮಾನ. ಹಲವು ದಿನ ಹಲವು ಸಲ ಕೇಳಿದ್ದನ್ನು ನಾನೇ ಹೊಲಿದಿರಬೇಕು. ಹೇಗಿದ್ದರೂ ಆಕೆಗೆ ಬೇಕಾದದ್ದು ಯಾವುದೋ ಒಂದು ನಿಲುಗನ್ನಡಿ ಅಲ್ಲ, ಆ ನಿಲುಗನ್ನಡಿ. ಅದು ಸಿಕ್ಕದಿದ್ದರೆ ಅವ್ವನ ಮುಖಕ್ಕೆ ಬೇರೆ ಜಾಗವೇ ಇರಲಿಲ್ಲ.

ಗುರುತಿಗೆ ಆಕೆಯ ಬಳಿ ಇದ್ದದ್ದು ಎರಡೇ. ಕನ್ನಡಿಯನ್ನು ಚೌಕಟ್ಟಿಗೆ ಸೇರಿಸುವ ಹಿತ್ತಾಳೆ ತಿರುಪು ಆಗ ಆಕೆಯ ನೆತ್ತಿಯ ಸಮಕ್ಕೆ ಇತ್ತು. ಮತ್ತೆ ಅದು ‘ಕಾನಡಿ ಪಡಸಾಲೆ’ಯಲ್ಲಿ ಇತ್ತು. ಮರಾಠಿಯವರು ನಮ್ಮ ಭಾಷೆಗೆ ಕಾನಡಿ ಎನ್ನುತ್ತಾರಲ್ಲ, ಕನ್ನಡದ ಆಳುಗಳು ಕೂಡುತ್ತಿದ್ದ ಪಡಸಾಲೆಗೆ ಅದೇ ಹೆಸರಂತೆ. ಆಗ ಆಕೆಗೆ ಏಳು ವರ್ಷ. ಅಳತೆಗೆಂದು ಓಣಿಯ ಅದೇ ವಯಸ್ಸಿನ ಹುಡುಗಿಯೊಬ್ಬಳನ್ನು ಬಾಗಿಲಿಗೆ ನಿಲ್ಲಿಸಿ, ನೆತ್ತಿಯಿಂದ ನೆಲದವರೆಗೆ ದಾರ ಬಿಟ್ಟು ಗಂಟು ಹಾಕಿದಳು.

“ನೀವೂ ಆಗ ಇಷ್ಟೇ ಎತ್ತರ ಇದ್ರಿ ಅಂತ ಹೆಂಗ ಹೇಳತೀರಿ ಕಾಕು?” ಎಂದೆ.

“ಈಗ ಗಿಡ್ಡ ಇದ್ದೀನಿ. ಆಗೇನು ಉದ್ದ ಇರತಿದ್ನೇನು?”

ಚಾಚಾನ ಅಂಗಡಿಗೆ ರವಿವಾರ ಮಧ್ಯಾಹ್ನ ಹೋದೆವು. ಮುರುಕು ಕುರ್ಚಿ, ತೊಟ್ಟಿಲು, ದೀಪದ ಬುಡ್ಡಿಗಳ ನಡುವೆ ಮೂರು ನಿಲುಗನ್ನಡಿ. ನಾವಿಬ್ಬರೂ ಚಾಚಾನೂ ಅವುಗಳೊಳಗೆ ಒಂಬತ್ತು ಜನವಾಗಿ ನಿಂತೆವು.

“ಬೆಲ್ಜಿಯಂ ಗಾಜ್ರಿ ಬಾಯಾರ!” ಎಂದ ಚಾಚಾ. “ಬೆರಳ ಇಟ್ಟ ನೋಡ್ರಿ. ಉಗುರಿಗೂ ನೆರಳಿಗೂ ನಡುವ ಎಷ್ಟ ಅಂತರ ಅದ! ಅಷ್ಟ ದಪ್ಪ ಗಾಜು. ಇದರಾಗ ನೋಡಿಕೊಂಡ್ರ ಹತ್ತ ವರ್ಷ ಸಣ್ಣಾಕಿ ಕಾಣತೀರಿ.”

“ದಿನಾ ಇದರ ಮುಂದ ಕೂಡ್ತಿ, ಮತ್ತ ನೀ ಯಾಕ ಮುದಕ ಆಗಾಕತ್ತೀದಿ?” ಎಂದಳು ಕಾಕು.

ದಾರ ಬಿಟ್ಟು ನೋಡಿದರೆ ಒಂದು ಕನ್ನಡಿ ತೀರ ಗಿಡ್ಡ. ಉಳಿದ ಎರಡರ ತಿರುಪೂ ಗಂಟಿನ ಸಮಕ್ಕೇ ಬಂತು. ಕಾಕುವಿನ ಮುಖ ಬಾಡಿತು. ಎರಡರಲ್ಲಿ ಒಂದು ಶೀಸಮ್ ಮರದ ಸಾದಾ ಚೌಕಟ್ಟಿನದು, ಗಾಜು ತಿಳಿಯಾಗಿತ್ತು. ಇನ್ನೊಂದಕ್ಕೆ ಬಳ್ಳಿಯ ಕೆತ್ತನೆ, ಕೆಳಗಿನ ಅರ್ಧ ಕಪ್ಪು ಚಿಕ್ಕೆ. ಹೊಸ ಕಾಲದ ಮನೆಗೆ ಸಾದಾ ಸಾಮಾನೇ ಚೆಂದ ಎಂಬ ಭ್ರಮೆ ಆಗ ನನಗಿತ್ತು. ತಿಳಿಯಾದದ್ದನ್ನೇ ಒಯ್ಯೋಣ, ಖೋಲಿಗೆ ಬೆಳಕೂ ಬರುತ್ತದೆ ಎಂದೆ. ಚಾಚಾ ಚಿಕ್ಕೆಯದನ್ನು ಮಾರುವ ಆಸೆಯನ್ನೂ ಬಿಡಲಿಲ್ಲ: “ಗಾಜಿನ ಬೆನ್ನಿಗಿರೋ ಹಳೇ ಪಾರಾ ಕೆರೆಸಿ ಹೊಸಾದು ಹಚ್ಚಿಸಿ ಕೊಡತೀನಿ. ನಿನ್ನೆ ಮಾಡಿದ್ಹಂಗ ಇರತದ.”

“ಪಾರಾ ಕೆರೆದ್ರ ಒಳಗಿದ್ದವ್ರು ಎಲ್ಲಿ ಹೋಗಬೇಕೋ?” ಎಂದಳು ಕಾಕು. ಚಾಚಾ ನಕ್ಕ. ಆಕೆ ನಗಲಿಲ್ಲ.

ಎರಡನ್ನೂ ತಿರುಗಿಸಿ ಹಿಂಬದಿ ನೋಡಿದೆವು. ಸಾದಾ ಕನ್ನಡಿಯ ಹಲಗೆ ಬರಿದು. ಚಿಕ್ಕೆಯದರ ಹಿಂದೆ ಕೆಂಪು ಬಣ್ಣದಲ್ಲಿ, ಮರಾಠಿ ಲಿಪಿಯಲ್ಲಿ ಒಂದೇ ಒಂದು ಶಬ್ದ.

“ಓದ್ರಿ ಅಕ್ಕೋರ,” ಎಂದಳು.

ಕ, ನ, ಡಿ. ಇಷ್ಟು ಖಚಿತ. ಆದರೆ ಮೊದಲಕ್ಷರದ ಪಕ್ಕ ಒಂದು ನೆಟ್ಟಗಿನ ಗೆರೆ. ಮರಾಠಿಯಲ್ಲಿ ದೀರ್ಘದ ಗುರುತು ಬರಿಯ ಒಂದು ಉದ್ದ ಗೆರೆ, ಅದಕ್ಕೆ ಕಾನಾ ಎನ್ನುತ್ತಾರೆ. ಹಲಗೆಯೂ ಅಲ್ಲೇ ಉದ್ದಕ್ಕೆ ಬಿರಿದಿತ್ತು. ಬಿರುಕಿನೊಳಗೆ ಕೆಂಪು ಇಳಿದಿತ್ತು. ಬರೆದ ಗೆರೆಯ ಮೇಲೆ ಬಿರುಕು ಬಿಟ್ಟಿತೋ, ಬಿರುಕಿಗೆ ಪಕ್ಕದ ಬಣ್ಣ ಹರಿಯಿತೋ? ಕಾನಾ ಇದ್ದರೆ ಅದು ‘ಕಾನಡಿ’: ಕಾಕು ಹೇಳಿದ ಪಡಸಾಲೆ. ಇಲ್ಲದಿದ್ದರೆ ‘ಕನಡಿ’: ಸಾಮಾನಿನ ಯಾದಿ ಮಾಡುವ ಮರಾಠಿ ಕಾರಕೂನ ಯಾವುದೋ ಆಳನ್ನು ಇದೇನೆಂದು ಕೇಳಿರಬೇಕು, ಆಳು ಕನ್ನಡಿ ಎಂದಿರಬೇಕು, ಆತ ಕೇಳಿದಂತೆ ಬರೆದಿರಬೇಕು. ಕನ್ನಡಿಯ ಬೆನ್ನಿಗೆ ಕನ್ನಡಿ ಎಂದು ಬರೆದದ್ದರಿಂದ ಏನೂ ತಿಳಿಯುವುದಿಲ್ಲ.

ಆ ದಿನಗಳಲ್ಲಿ ಸೊಲ್ಲಾಪುರ ಯಾವ ರಾಜ್ಯಕ್ಕೆ ಸೇರಬೇಕೆಂಬ ಜಗಳ ಎಲ್ಲೆಲ್ಲೂ ಇತ್ತು. ಕಾನಡಿ ಎಂಬ ಶಬ್ದ ಕಂಡಲ್ಲಿ ನಮ್ಮ ಕಿವಿ ನೆಟ್ಟಗಾಗುತ್ತಿತ್ತು. ಅದಕ್ಕೋ, ಕಾಕು ನನ್ನ ಬಾಯನ್ನೇ ನೋಡುತ್ತಿದ್ದುದಕ್ಕೋ, “ಕಾನಡಿ ಅಂತ ಬರದದ,” ಎಂದುಬಿಟ್ಟೆ. ದೀರ್ಘವನ್ನು ಬೇಕಾದದ್ದಕ್ಕಿಂತ ತುಸು ಹೆಚ್ಚೇ ಎಳೆದೆ.

ಕಾಕು ಹಲಗೆಯ ಮೇಲೆ ಅಂಗೈ ಇಟ್ಟಳು. “ಇದನ್ನ ಕೊಡು ಚಾಚಾ. ಒರಸಬ್ಯಾಡ, ಹಂಗ ಕೊಡು.”

ಕನ್ನಡಿ ಟಾಂಗಾದಲ್ಲಿ ಮಲಗಿ ಮನೆಗೆ ಬಂತು. ಬಾಗಿಲಿಗೆ ಎದುರಾಗಿ ಇಡಬಾರದೆಂದು ಓಣಿಯ ಹೆಂಗಸರು, ಬೆಳಕಿಗೆ ಬೆನ್ನು ಮಾಡಬಾರದೆಂದು ನಾನು. ಕಡೆಗೆ ದಾರಗಳ ಗೋಡೆಯ ಮೂಲೆಯಲ್ಲಿ ನಿಂತಿತು. ಗಿರಾಕಿಗಳಲ್ಲಿ ಎಷ್ಟೋ ಜನ ತಮ್ಮನ್ನು ಇಡಿಯಾಗಿ ನೋಡಿಕೊಂಡಿರಲಿಲ್ಲ. “ಅಯ್ಯ, ನಾ ಇಷ್ಟ ದಪ್ಪ ಇದ್ದೀನೇನ್ರಿ?” ಎಂದವಳಿಗೆ ಕಾಕು, “ನನ್ನ ದಾರಕ್ಕ ಮೊದಲಽ ಗೊತ್ತಿತ್ತು,” ಎಂದಳು. ಯಾರೂ ಇಲ್ಲದಾಗ ತಾನು ಅದರ ಮುಂದೆ ಕೂಡುತ್ತಿದ್ದಳು. ಏನು ಕಂಡಳೆಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಮುಂದೆ ಸಾಲೆಯ ಕೆಲಸಕ್ಕೆ ನಾನು ಅಕ್ಕಲಕೋಟೆಗೆ ಹೋಗಬೇಕಾಯಿತು. ಕೆಲಸ ಬೇಗ ಮುಗಿಯಿತು. ವಾಡೆ ಹುಡುಕಿ ಹೋದೆ. ಕಾವಲಿಗಿದ್ದ ಮುದುಕ ಬೀಡಿ ಆರಿಸಿ ಎದ್ದು ನಿಂತ. ಕಾನಡಿ ಪಡಸಾಲೆ ಎಲ್ಲಿ ಎಂದೆ.

“ಹಂಗ ಹೆಸರಿಂದು ಯಾವುದೂ ಇರಲಿಲ್ಲ ತಾಯಿ,” ಎಂದ. “ಆಳ ಮಂದಿ ಎಲ್ಲಾ ಕಾನಡಿನಽ ಮಾತಾಡತಿದ್ರು. ಕೂಡಾಕ ಜಾಗಾ ಸಿಕ್ಕಲ್ಲಿ ಕೂಡತಿದ್ರು. ಯಾವ ಪಡಸಾಲಿ ಅಂತ ತೋರಸಲಿ?”

ಮುದುಕ ಮರೆತಿರಬಹುದು. ಏಳು ವರ್ಷದ ಹುಡುಗಿಯಾಗಿದ್ದ ಕಾಕುವೇ ಆ ಹೆಸರು ಇಟ್ಟಿರಬಹುದು. ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ಹೇಳಬೇಕೋ ಬೇಡವೋ ಎಂದು ತೂಗಿದೆ. ಮನೆಗೆ ಬಂದಾಗ ಕಾಕು ಕನ್ನಡಿಯ ಮುಂದೆ ಒಂದು ಕುಬಸವನ್ನು ತನ್ನ ಎದೆಗೆ ಹಿಡಿದು ನೋಡುತ್ತಿದ್ದಳು, ಬಾಯ್ತುಂಬ ಟಾಚಣಿ. ಹಿಂದಕ್ಕೆ ತಿರುಗದೆ, ಕನ್ನಡಿಯೊಳಗಿಂದಲೇ ನನ್ನನ್ನು ಕೇಳಿದಳು: “ವಾಡೇದ ಕಡೆ ಹೋಗಿದ್ರೇನು?”

“ಇಲ್ಲ ಕಾಕು, ಹೊತ್ತ ಸಿಗಲಿಲ್ಲ.”

ಆಕೆ ಕುಬಸವನ್ನು ಮಡಚಿ ಮಶಿನ್ನಿನ ಮೇಲಿಟ್ಟಳು. ಆಮೇಲೆ ಎಂದಳು: “ಇದ ಅದ.”

ಆ ಕಡೆಯ ಮಾತು ಬಲ್ಲವರಿಗೆ ನನ್ನ ಪೇಚು ತಿಳಿದೀತು. ‘ಇದೇ ಅದು’ ಎಂದರೂ ಹಾಗೇ ಕೇಳುತ್ತದೆ. ‘ಇದು ಇದೆಯಲ್ಲ’ ಎಂದರೂ ಹಾಗೇ ಕೇಳುತ್ತದೆ. ಒಂದರಲ್ಲಿ ಅವ್ವ ಸಿಕ್ಕಿದ್ದಾಳೆ. ಇನ್ನೊಂದರಲ್ಲಿ ಸಿಕ್ಕಿಲ್ಲ, ಸಿಕ್ಕಿದ್ದರಲ್ಲೇ ಕಾಕು ಸಮಾಧಾನ ಮಾಡಿಕೊಂಡಿದ್ದಾಳೆ, ನನಗೂ ಮಾಡಿಕೋ ಎನ್ನುತ್ತಿದ್ದಾಳೆ. ಒತ್ತು ಯಾವ ಶಬ್ದದ ಮೇಲಿತ್ತೆಂದು ಗೊತ್ತಾದರೆ ಸಾಕಿತ್ತು. ಟಾಚಣಿಗಳ ಸಂದಿಯಿಂದ ಬಂದ ಮಾತಿಗೆ ಒತ್ತು ಎಲ್ಲಿಯದು?

ನನಗೆ ಬೇರೆ ಊರಿಗೆ ವರ್ಗವಾಯಿತು. ಕಾಕು ಹೋದದ್ದು ಓಣಿಯವರ ಒಂದು ಕಾರ್ಡಿನಿಂದ ತಿಳಿಯಿತು. ಮಶಿನ್ ಮುಂದೆ ಕೂತಲ್ಲೇ ಹೋದಳೆಂದು ಬರೆದಿದ್ದರು. ಕನ್ನಡಿಯನ್ನು ಮೈಂದರ್ಗಿಯ ನೆಂಟರು ಒಯ್ದರಂತೆ. ಅದರ ಹಿಂದಿನ ಗೆರೆ ಅಕ್ಷರವೋ ಬಿರುಕೋ ನನಗೆ ಗೊತ್ತಿಲ್ಲ. ನಾನು ಎರಡು ಸಲ ಸುಳ್ಳು ಹೇಳಿದೆನೋ, ಒಂದೇ ಸಲವೋ, ಅದೂ ಗೊತ್ತಿಲ್ಲ. ನನ್ನ ಸುಳ್ಳು ಕಾಕುಗೆ ಗೊತ್ತಿತ್ತೇ ಎಂಬುದಂತೂ ಎಲ್ಲಕ್ಕಿಂತ ಕಡಿಮೆ ಗೊತ್ತು.