ಗೇಟಿಗೆ ಅಡ್ಡ ನಿಂತ ಟ್ರ್ಯಾಕ್ಟರ್

ಸರ್ಕಾರದವರನ್ನು ತಡೆಯುವುದು ಲಿಂಗರಾಜನಿಗೆ ಹೊಸದಲ್ಲ. ಮಂಡ್ಯದ ಕಡೆ ಹಸಿರು ಶಾಲು ಹೊದ್ದು, ಊರ ಬಾಗಿಲಿಗೆ ಎತ್ತಿನ ಗಾಡಿ ಅಡ್ಡ ಹಾಕಿ, ಹೇಳದೆ ಕೇಳದೆ ಬಂದ ಅಧಿಕಾರಿಗಳ ಜೀಪನ್ನು ವಾಪಸು ಅಟ್ಟಿದವನು. ಜೈಲಿನ ಮುದ್ದೆ ತಿಂದವನು. ಆದರೆ ಒಳಗೆ ಬಂದ ಸರ್ಕಾರವನ್ನು ಹೊರಗೆ ಹೋಗದಂತೆ ತಡೆದದ್ದು ಒಂದೇ ಸಲ. ಅದೂ ನ್ಯೂಜಿಲೆಂಡಿನಲ್ಲಿ, ೨೦೦೪ರ ಪ್ರವಾಹದ ಬೆನ್ನಿಗೆ.

ಆಗ ಅವನು ಮನವಾಟು ನದಿಯ ದಂಡೆಯಲ್ಲಿ ರಸೆಲ್ ಎಂಬವನ ಫಾರ್ಮಿನಲ್ಲಿ ಹಾಲು ಕರೆಯುತ್ತಿದ್ದ. ಹೆಂಡತಿ ಕಮಲಾ ಜೊತೆಗಿದ್ದಳು, ಇದ್ದ ಮನೆ ಫಾರ್ಮಿನದು. ವರ್ಕ್ ಪರ್ಮಿಟ್ಟಿನ ಮೇಲೆ ರಸೆಲನ ಹೆಸರು. ಅವನು ಬೇಡವೆಂದರೆ ದೇಶವೇ ಬೇಡವೆಂದಂತೆ. ಫೆಬ್ರವರಿಯಲ್ಲಿ ನದಿ ಕಟ್ಟೆ ಒಡೆದು ಹುಲ್ಲುಗಾವಲಿನ ಮೇಲೆ ಮೊಣಕಾಲುದ್ದ ಕೆಸರು ಸುರಿದು ಹೋಯಿತು. ಬೇಲಿಗಳು ಕಸ ಸುತ್ತಿಕೊಂಡು ಮಲಗಿದವು. ಹಸುಗಳನ್ನು ಲಾರಿ ಹತ್ತಿಸಿ ಗುಡ್ಡದಾಚೆ ರಸೆಲನ ಗೆಳೆಯ ಬ್ರೂಸನ ಹೊಲಕ್ಕೆ ಸಾಗಿಸಿದರು. ಅಲ್ಲಿಯ ಹುಲ್ಲು ಮುಗಿಯುವುದರೊಳಗೆ ಇಲ್ಲಿ ಬೇಲಿ ಏಳಬೇಕು. ಏಳದಿದ್ದರೆ ಹಸುಗಳು ಕಸಾಯಿಖಾನೆಗೆ, ಲಿಂಗರಾಜ ವಿಮಾನಕ್ಕೆ. ಇಬ್ಬರು ಗಂಡಸರು ಎಷ್ಟು ಬಗೆದರೂ ಕೆಸರು ಕರಗಲಿಲ್ಲ.

ಸರ್ಕಾರ ನೆರವು ಕೊಡುತ್ತೇನೆಂದಿತು. ಸುತ್ತಲಿನವರೆಲ್ಲ ತೆಗೆದುಕೊಂಡರು; ರಸೆಲ್ ಮಾತ್ರ ಒಲ್ಲೆ ಎಂದ. ಹಿಂದೆ ಕುರಿಯ ತಲೆಗಿಷ್ಟು ಎಂದು ಸಬ್ಸಿಡಿ ಸಿಗುತ್ತಿದ್ದಾಗ ಅವನಪ್ಪ ಗುಡ್ಡದ ತುಂಬ ಕುರಿ ತುಂಬಿದ್ದ. ಎಂಬತ್ತರ ದಶಕದಲ್ಲಿ ಸರ್ಕಾರ ಸಬ್ಸಿಡಿ ನಿಲ್ಲಿಸಿ ಕೈಯೆತ್ತಿತು. ಕುರಿಗಳನ್ನು ಪುಕ್ಕಟೆ ಕೊಟ್ಟರೂ ಒಯ್ಯುವವರಿರಲಿಲ್ಲ. ಗುಡ್ಡದ ಬುಡದಲ್ಲಿ ಗುಂಡಿ ತೋಡಿ, ಒಂದೊಂದನ್ನೇ ಗುಂಡಿಕ್ಕಿ ಕೊಂದದ್ದು ಹರೆಯದ ರಸೆಲ್. ಅಂದಿನಿಂದ ಸರ್ಕಾರದ ನೆರವೆಂದರೆ ಅವನ ಮೂಗಿಗೆ ಆ ಗುಂಡಿಯ ನಾತವೇ.

ಹೀಗಿರುವಾಗ ಒಂದು ಬೆಳಿಗ್ಗೆ, ಫಾರ್ಮಿಂದ ಫಾರ್ಮಿಗೆ ಕೆಸರು ಬಗೆಯಲು ಸರ್ಕಾರ ಕೂಲಿ ಕೊಟ್ಟು ಕಳಿಸಿದ ಆಳುಗಳ ವ್ಯಾನು ಅಂಗಳಕ್ಕೆ ಬಂತು. ಮೇಸ್ತ್ರಿ ನೈರಿ, ಆ ನೆಲದ ಮೂಲನಿವಾಸಿಗಳಾದ ಮಾವೊರಿಗಳ ಪೈಕಿ, ಗಟ್ಟಿ ದನಿಯ ಹೆಂಗಸು.

"ನಾನು ಕರೆದಿಲ್ಲ, ಹೊರಡಿ," ಎಂದ ರಸೆಲ್.

"ಸರಿ ಬಿಡಪ್ಪ, ಕೆಸರು ಬೇರೆ ಕಡೆಯೂ ಇದೆ," ಎಂದು ನೈರಿ ವ್ಯಾನು ತಿರುಗಿಸಿದಳು.

ಲಿಂಗರಾಜ ಯೋಚಿಸಲಿಲ್ಲ. ಟ್ರ್ಯಾಕ್ಟರ್ ಹತ್ತಿ, ಗೇಟಿಗೆ ಅಡ್ಡ ನಿಲ್ಲಿಸಿ, ಕೀಲಿ ಜೇಬಿಗಿಳಿಸಿ, ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತುಬಿಟ್ಟ.

ಕಮಲಾ ಮನೆಯಿಂದ ಓಡಿ ಬಂದಳು. "ಇಲ್ಲೂ ಸುರು ಹಚ್ಕಂಡ್ರಾ ನಿಮ್ ಗಲಾಟೆಯ? ಇಲ್ಲಿ ಜೈಲ್ಗಾಕಿದ್ರೆ ಬಿಡಿಸ್ಕೊಳಕ್ಕೆ ಯಾರವ್ರೆ?"

"ಸುಮ್ಕಿರು ಕಮಲಿ. ಟೀ ಇಡು, ಜನ ಬಂದವ್ರೆ."

ರಸೆಲನ ಕತ್ತು ಕೆಂಪಾಗಿತ್ತು. "ರಾಜ್, ಟ್ರ್ಯಾಕ್ಟರ್ ತೆಗಿ. ಇಲ್ಲದಿದ್ದರೆ ಮನೆ ಖಾಲಿ ಮಾಡು."

"ಬೇಲಿ ಏಳದಿದ್ರೆ ಹೆಂಗೂ ಖಾಲಿಯೇ, ಬಾಸ್."

"ನಾನು ಬಿಟ್ಟಿ ತಿನ್ನೋನಲ್ಲ."

"ನೀನು ತಿಂತಿಲ್ಲ, ನಿನ್ನ ಹಸು ತಿಂತಾವೆ. ಬ್ರೂಸನ ಹುಲ್ಲು. ಅವನ ಹಸುವಿನ ಚಳಿಗಾಲದ ಮೇವು ಅದು. ಗೆಳೆಯನ ಹೊಟ್ಟೆಗೆ ಹೊಡೆದರೆ ಮರ್ಯಾದೆ, ಸರ್ಕಾರದ ಸನಿಕೆ ಮುಟ್ಟಿದರೆ ಅವಮಾನವಾ?"

ವ್ಯಾನಿನಲ್ಲಿ ಯಾರೋ ಕಿಸಕ್ಕೆಂದರು. ನೈರಿ ತಿರುಗಿ ನೋಡಿದ್ದೇ ಬಾಯಿ ಮುಚ್ಚಿತು. ರಸೆಲ್ ಮುಷ್ಟಿ ಬಿಗಿದು ಎರಡು ಹೆಜ್ಜೆ ಮುಂದೆ ಬಂದ. ಲಿಂಗರಾಜ ಏಳಲಿಲ್ಲ. ಲಾಠಿ ಬೀಸುವವನ ಕಣ್ಣು ನೋಡಬೇಕು, ಕೈಯನ್ನಲ್ಲ ಎಂಬುದನ್ನು ಹಳೆಯ ಧರಣಿಗಳು ಕಲಿಸಿದ್ದವು. ನೋಡಿದ. ಆ ಕಣ್ಣು ತನ್ನ ಮೇಲಿರಲಿಲ್ಲ. ಗುಡ್ಡದ ಬುಡದಲ್ಲಿ ಹುಲ್ಲು ಬೆಳೆದು ತಗ್ಗಾದ ಜಾಗದ ಮೇಲಿತ್ತು.

ಮುಷ್ಟಿ ಸಡಿಲಿಸಿ ರಸೆಲ್ ಶೆಡ್ಡಿಗೆ ಹೋದ. ಬಂದೂಕು ತರುತ್ತಾನೆಂದು ಕಮಲಾ ಗಂಡನ ತೋಳು ಹಿಡಿದೆಳೆದಳು. ತಂದದ್ದು ಸನಿಕೆ. ಯಾರ ಮುಖವನ್ನೂ ನೋಡದೆ, ಮಲಗಿದ ಮೊದಲ ಕಂಬದ ಬುಡಕ್ಕೆ ಹೋಗಿ ಅಗೆಯತೊಡಗಿದ. ನೈರಿ ವ್ಯಾನಿನ ಬಾಗಿಲು ತಟ್ಟಿದಳು; ಆಳುಗಳು ಇಳಿದರು.

ಸಂಜೆಯವರೆಗೆ ಕೀಲಿ ಲಿಂಗರಾಜನ ಜೇಬಿನಲ್ಲೇ ಇತ್ತು. ಕತ್ತಲಾಗುವ ಮುಂಚೆ ರಸೆಲ್ ಕೆಸರು ಮೆತ್ತಿದ ಅಂಗೈ ಚಾಚಿದ.

"ಕೊಡು. ನಾಳೆ ತಂತಿ ಎಳೆಯೋದಿದೆ, ತಡ ಮಾಡಬೇಡ."