ಹೆಬ್ಬೂರಿನಲ್ಲಿ ನಿಂತ ಯೇಸಪ್ಪ

ನನ್ನ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಅಮೃತೂರಿನ ಅವಳ ಮನೆಯಲ್ಲಿ ದೇವರ ಪುಸ್ತಕ ಬಟ್ಟೆ ಸುತ್ತಿಕೊಂಡು ಟ್ರಂಕಿನಲ್ಲಿ ಮಲಗಿತ್ತು. ಅದರೊಳಗಿನ ಕಥೆಗಳನ್ನು ಚರ್ಚಿನಲ್ಲಿ ಕೇಳಿ ಬಂದು, ತನಗೆ ಬೇಕಾದ ಹಾಗೆ ಬೆಳೆಸಿ, ರಜೆಗೆ ಹೋದ ನನಗೂ ತಂಗಿಗೂ ಹೇಳುತ್ತಿದ್ದಳು. ಅವಳ ಯೇಸಪ್ಪ ನಮ್ಮ ಕಡೆಯವನೇ. ಬಸ್ಸು ತಪ್ಪಿದರೆ ನಡೆದೇ ಹೊರಡುವವನು, ಯಾರು ಕರೆದರೂ ಜಗುಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುವವನು. ನನ್ನ ವಿಶ್ವಾಸ ಹುಟ್ಟಿದ್ದು ಆ ಜಗುಲಿಗಳ ಮೇಲೆ, ಚರ್ಚಿನ ಬೆಂಚಿನ ಮೇಲಲ್ಲ.

ಕಥೆಗೆ ಅಜ್ಜಿಯದು ಒಂದೇ ಷರತ್ತು. ಕೇಳುವವರು ಹೂಂಗುಟ್ಟುತ್ತಿರಬೇಕು. ಹೂಂ ನಿಂತರೆ ಕಥೆಯನ್ನು ಅಲ್ಲೇ ಬಿಟ್ಟು ಎದ್ದುಬಿಡುತ್ತಿದ್ದಳು. "ಹೂಂ ಅನ್ನೋರಿಲ್ದೆ ಯೇಸಪ್ಪ ಒಬ್ನೇ ಎಲ್ಲಿಗೆ ಹೋಗ್ತಾನೆ ಬುಡು" ಎನ್ನುತ್ತಿದ್ದಳು.

ತಂಗಿಗೆ ಬೇಕಾಗಿದ್ದುದು ಯಾವಾಗಲೂ ಒಂದೇ ಕಥೆ. ಒಬ್ಬ ಹುಡುಗಿ ಸಾಯುವ ಸ್ಥಿತಿಯಲ್ಲಿರುತ್ತಾಳೆ. ಅವಳ ಅಪ್ಪ ಓಡಿಬಂದು ಯೇಸಪ್ಪನ ಕಾಲು ಹಿಡಿಯುತ್ತಾನೆ. ದಾರಿಯಲ್ಲಿ ಕಾಯಿಲೆಯ ಹೆಂಗಸೊಬ್ಬಳು ಅವನನ್ನು ಮುಟ್ಟಿ, ಅಲ್ಲಿ ತಡವಾಗುತ್ತದೆ. ತಲುಪುವ ಹೊತ್ತಿಗೆ ಹುಡುಗಿ ಸತ್ತಿರುತ್ತಾಳೆ. ಯೇಸಪ್ಪ ಕೈ ಹಿಡಿದು "ಏಳು ಮಗ" ಅಂದರೆ ಎದ್ದು ಕೂರುತ್ತಾಳೆ. ಆಮೇಲೆ ಅವನು, ಮೊದಲು ಇವಳಿಗೆ ಊಟ ಕೊಡಿ, ಅನ್ನುತ್ತಾನೆ. "ಏನ್ ಕೊಟ್ರು ಅಜ್ಜಿ?" ಎಂದು ತಂಗಿ ಪ್ರತಿ ಸಲ ಕೇಳುತ್ತಿದ್ದಳು. ಒಂದು ದಿನ ಮುದ್ದೆ ಬಸ್ಸಾರು, ಇನ್ನೊಂದು ದಿನ ಹಾಲು ಅನ್ನ. ಊಟದ ಹೆಸರು ಕಿವಿಗೆ ಬಿದ್ದದ್ದೇ ತಡ, ತಂಗಿ ನಿದ್ದೆ ಹೋಗುತ್ತಿದ್ದಳು.

ತೊಂಬತ್ತರ ದಶಕದ ಕೊನೆ. ನಾನು ಪಿಯುಸಿಯಲ್ಲಿದ್ದೆ, ತಂಗಿಗೆ ಹತ್ತು ವರ್ಷ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮ ಬಾಡಿಗೆ ಮನೆ. ಅವಳಿಗೆ ಕಾಮಾಲೆ ಬಂತು. ಗುಬ್ಬಿಯ ಹತ್ತಿರ ಯಾರೋ ಸೊಪ್ಪಿನ ರಸ ಕೊಡುತ್ತಾರೆಂದು ಅಪ್ಪ ಎರಡು ವಾರ ಅಲ್ಲಿಗೇ ಅಲೆದರು. ಇವತ್ತಿಗೂ ಅದನ್ನು ನೆನೆದರೆ ನನ್ನ ಮೈ ಉರಿಯುತ್ತದೆ. ಆಸ್ಪತ್ರೆಗೆ ಸೇರಿಸುವಾಗ ಅವಳ ಕಣ್ಣು ಅರಿಸಿನದ ನೀರಿನಂತಿತ್ತು.

ಮೂರನೆಯ ದಿನ ಮಧ್ಯಾಹ್ನ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದರು. "ಮಂಪರಿಗೆ ಹೋಗೋಕೆ ಬಿಡಬೇಡಮ್ಮ. ಮಾತಾಡಿಸ್ತಾನೇ ಇರು. ಉತ್ತರ ಕೊಡೋದು ನಿಂತ್ರೆ ಕೂಗು."

ಅಮ್ಮ ಕಾರಿಡಾರಿನಲ್ಲಿ ಗೋಡೆಗೊರಗಿ ಪ್ರಾರ್ಥನೆ ಮಾಡುತ್ತಿದ್ದಳು. ನನಗೆ ಪ್ರಾರ್ಥನೆಯ ಮಾತೊಂದೂ ಹೊಳೆಯಲಿಲ್ಲ. ಕಥೆ ಶುರು ಮಾಡಿದೆ. ಹುಡುಗಿ ಈ ವಾರ್ಡಿನಲ್ಲೇ ಮಲಗಿದ್ದಾಳೆ, ಯೇಸಪ್ಪ ಅಮೃತೂರಿನಿಂದ ಹೊರಟಿದ್ದಾನೆ ಎಂದೆ. ತಂಗಿ "ಹೂಂ" ಅಂದಳು.

ಕಥೆ ಊಟಕ್ಕೆ ಬಂದರೆ ಅವಳು ನಿದ್ದೆ ಹೋಗುತ್ತಾಳೆ. ನನಗಿದ್ದ ಭಯ ಅದೊಂದೇ. ಅದಕ್ಕೇ ಯೇಸಪ್ಪನನ್ನು ತಲುಪಲು ಬಿಡಲಿಲ್ಲ. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಕಾಯಿಸಿದೆ. ಬಸ್ಸು ಪಂಕ್ಚರ್ ಮಾಡಿಸಿದೆ. ಸಿಕ್ಕಸಿಕ್ಕ ಜಗುಲಿಯ ಮೇಲೆ ಕೂರಿಸಿ ಮಜ್ಜಿಗೆ ಕುಡಿಸಿದೆ. ಹೆಬ್ಬೂರಿಗೆ ಬಂದಾಗ ಕಾಯಿಲೆಯ ಹೆಂಗಸನ್ನು ಎದುರಿಗೆ ತಂದು, ಅವಳ ಕಷ್ಟವನ್ನೆಲ್ಲ ಬಿಡಿಬಿಡಿಯಾಗಿ ಹೇಳಿಸಿದೆ. ಹೂಂ ಸಣ್ಣದಾಗುತ್ತಾ ಬಂತು.

"ಅಕ್ಕ, ಬೇಗ ಬಾ ಅನ್ನು ಅವನಿಗೆ" ಎಂದಳು.

"ಬರ್ತಾವ್ನೆ ಕಣೇ. ಹೆಬ್ಬೂರಿಗೆ ಬಂದವ್ನೆ. ಹೂಂ ಅನ್ನು."

"ಹೂಂ."

ಆ ಹೆಂಗಸಿಗೆ ಇನ್ನೊಂದು ಕಷ್ಟ ಹುಡುಕುತ್ತಿದ್ದೆ. ಅಷ್ಟರಲ್ಲಿ ಹೂಂ ನಿಂತಿತು. ಕೂಗಿದೆ. ನರ್ಸ್ ಬಂದರು, ಡಾಕ್ಟರ್ ಬಂದರು, ಮಂಚದ ಸುತ್ತ ಪರದೆ ಎಳೆದರು. ಸಂಜೆ ಐದಕ್ಕೆ ಎಲ್ಲ ಮುಗಿಯಿತು.

ಲಿವರ್ ಹೋಗಿತ್ತು, ನನ್ನ ಕಥೆಯಿಂದ ಯಾರೂ ಸಾಯಲಿಲ್ಲ, ಇಷ್ಟು ನನಗೂ ಗೊತ್ತು. ಗೊತ್ತಿದ್ದು ಏನು ಬಂತು? ಬೇಗ ಬಾ ಅನ್ನು ಎಂದು ಅವಳು ಬಾಯಿಬಿಟ್ಟು ಕೇಳಿದ್ದಳು. ನಾನು ಅವನನ್ನು ಹೆಬ್ಬೂರಿನಲ್ಲಿ ನಿಲ್ಲಿಸಿಕೊಂಡಿದ್ದೆ. ಮಣ್ಣು ಮಾಡಿದ ದಿನ ಚರ್ಚಿನ ಅಯ್ಯನವರು ದೇವರ ಚಿತ್ತದ ಬಗ್ಗೆ ಬೋಧನೆ ಮಾಡುವಾಗ ಎದ್ದು ಹೊರಗೆ ಹೋದೆ. ಮುಂದೆ ಎಂಟು ವರ್ಷ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಕುಣಿಗಲ್ ಬಸ್ಸು ಹೆಬ್ಬೂರಿನಲ್ಲಿ ನಿಂತಾಗಲೆಲ್ಲ ಕಿಟಕಿಯ ಕಡೆ ನೋಡುತ್ತಿರಲಿಲ್ಲ.

ಎಂಟನೆಯ ವರ್ಷ ಅಜ್ಜಿ ಹಾಸಿಗೆ ಹಿಡಿದಳು. ಸುದ್ದಿ ಬಂದ ಬೆಳಿಗ್ಗೆಯೇ ಅಮೃತೂರಿಗೆ ಹೋದೆ. ಪಕ್ಕದಲ್ಲಿ ಕೂತ ತಕ್ಷಣ, "ಒಂದು ಕತೆ ಹೇಳೇ" ಅಂದಳು.

"ಯಾವ್ದು?"

"ನೀ ಅರ್ಧಕ್ಕೆ ಬಿಟ್ಟಿದ್ದು."

ವಾರ್ಡಿನಲ್ಲಿ ನಾನು ಕಥೆ ಹೇಳುತ್ತಿದ್ದುದನ್ನು ಅಮ್ಮ ಅವಳಿಗೆ ಹೇಳಿದ್ದಿರಬೇಕು. ಅಮ್ಮನಿಗೂ ಹೇಳದಿದ್ದುದನ್ನು ಅವಳಿಗೆ ಹೇಳಿದೆ. "ನಾನೇ ತಡ ಮಾಡ್ಬಿಟ್ಟೆ ಅಜ್ಜಿ. ಅವಳು ಕೇಳಿದ್ಲು. ನಾನು ಅವನನ್ನ ಕಳಿಸ್ಲಿಲ್ಲ."

ನಿಂದೇನೂ ತಪ್ಪಿಲ್ಲ ಎಂದು ಅವಳು ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. "ಮುಗ್ಸು. ನಾ ಹೂಂ ಅಂತೀನಿ" ಅಂದಳು.

ಹೆಬ್ಬೂರಿನಿಂದ ಯೇಸಪ್ಪ ಓಡಿಕೊಂಡು ಬಂದ ಎಂದೆ. "ಹೂಂ." ವಾರ್ಡಿನೊಳಗೆ ಬಂದಾಗ ಮಂಚ ಖಾಲಿ ಇತ್ತು, ಬೆಡ್‌ಶೀಟ್ ಬದಲಾಯಿಸಿದ್ದರು. "ಹೂಂ." ಅವನು ಮಂಚದ ಮೇಲೆ ಕೂತು ಅತ್ತ. "ಹೂಂ." ಅವಳನ್ನು ಎಬ್ಬಿಸಲಿಲ್ಲ. ಚಿಕ್ಕಂದಿನಲ್ಲಿ ಕಥೆ ತಪ್ಪು ಹೇಳಿದರೆ ಅಜ್ಜಿ ತಕ್ಷಣ ತಿದ್ದುತ್ತಿದ್ದಳು. ಈ ಸಲವೂ ತಿದ್ದಲಿ ಎಂದು ಅವಳ ಮುಖ ನೋಡಿದೆ.

"ಹೂಂ" ಅಂದಳು. "ಆಮೇಲೆ?"

"ಆಮೇಲೆ ಗೊತ್ತಿಲ್ಲ ಅಜ್ಜಿ."

ಅಜ್ಜಿ ಕೇಳಿದಳು: "ಅಕ್ಕ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಮೊದ್ಲು ಅವಳಿಗೆ ಊಟ ಕೊಡಿ ಅಂದ, ಅಲ್ವೇನೇ?"

ಆಸ್ಪತ್ರೆಯಲ್ಲಿ ಆ ದಿನ ನಾನು ಒಂದು ಹನಿ ನೀರನ್ನೂ ಕುಡಿದಿರಲಿಲ್ಲ. ಅದನ್ನು ಯಾರೂ ಗಮನಿಸಿರಲಿಲ್ಲ. ಅಜ್ಜಿ ನನ್ನ ಕೈ ಹಿಡಿದುಕೊಂಡು ಕಾಯುತ್ತಿದ್ದಳು. ನನ್ನ ಬಾಯಿಂದ ಹೂಂ ಹೊರಡಲಿಲ್ಲ.