ಮೂರು ಪೆಟ್ಟಿನ ಹಾಡು

ಉರ್ವ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ನೊರ್ಬರ್ಟರ ಟ್ರಂಪೆಟಿನಿಂದ ಆ ಹಾಡು ಬಂದರೆ ನೆರೆಯವರು ಬಾಗಿಲಿಗೆ ಬಂದು, "ಯಾರು ಹೋದದ್ದು?" ಎಂದು ಕೇಳುತ್ತಿದ್ದರು. ತಪ್ಪು ಅವರದ್ದಲ್ಲ. ಶವಯಾತ್ರೆಯಲ್ಲಲ್ಲದೆ ಬೇರೆಲ್ಲೂ ಅವರು ಅದನ್ನು ಕೇಳಿರಲಿಲ್ಲ.

ಆದರೆ ಹಾಡು ಬಂದದ್ದು ಸಿಪಾಯಿಗಳ ಬಗ್ಗೆ ಹಾಲಿವುಡ್ಡಿನವರು ಮಾಡಿದ ಒಂದು ಹಳೆಯ ಸಂಗೀತ ಚಿತ್ರದಿಂದ. ಹಡಗು ಹೊರಡುವ ಹಿಂದಿನ ಸಂಜೆ ನಾಚಿಕೆಯ ಸಿಪಾಯಿಯೊಬ್ಬ ಹುಡುಗಿಯನ್ನು ಕುಣಿತಕ್ಕೆ ಕರೆಯುವಾಗ ಬರುವ ಹಾಡು ಅದು. ಮದುವೆ ಗೊತ್ತಾದ ಮೇಲೆ ನೊರ್ಬರ್ಟರೂ ಆನ್ಸಿಯೂ ಆ ಚಿತ್ರವನ್ನು ಹಂಪನಕಟ್ಟೆಯ ಟಾಕೀಸಿನಲ್ಲಿ ನೋಡಿದ್ದರು. ನಡುವೆ ಕಾವಲಿಗೆ ಕೂತಿದ್ದ ಆನ್ಸಿಯ ಅಣ್ಣ ಅರ್ಧದಲ್ಲೇ ನಿದ್ದೆಹೋಗಿದ್ದ. ಮದುವೆಯ ಸಂಜೆ ಇಬ್ಬರೂ ಕುಣಿದದ್ದು ಅದೇ ಹಾಡಿಗೆ.

ಕೆಲವು ವರ್ಷಗಳ ಬಳಿಕ ಅವರ ಇಗರ್ಜಿಗೆ ಪ್ರಾರ್ಥನೆಗೆ ಬರುತ್ತಿದ್ದ ನಿವೃತ್ತ ಸೈನಿಕರೊಬ್ಬರು ತೀರಿಕೊಂಡರು. ಸಿಪಾಯಿಗೆ ತಕ್ಕ ಹಾಡು ಬೇಕೆಂದು ಮನೆಯವರು ಹೇಳಿದರು. ನೊರ್ಬರ್ಟರ ಬ್ಯಾಂಡಿಗೆ ಬರುತ್ತಿದ್ದ ಸಿಪಾಯಿಯ ಹಾಡು ಅದೊಂದೇ. ಆದರೆ ಅದು ಮೂರು ಪೆಟ್ಟಿನದ್ದು, ಶವಪೆಟ್ಟಿಗೆ ಹೊತ್ತವರಿಗೆ ಇರುವುದು ಎರಡೇ ಕಾಲು, ಹೆಜ್ಜೆ ಕೂಡುವುದಿಲ್ಲ. ನೊರ್ಬರ್ಟರು ಪ್ರತಿ ಸುತ್ತಿನ ಮೊದಲ ಸ್ವರವನ್ನು ಒಂದು ಪೆಟ್ಟಿನಷ್ಟು ಎಳೆದು ತಾಳವನ್ನು ನಾಲ್ಕು ಮಾಡಿದರು. ಡ್ರಮ್ಮಿಗೆ ಕಪ್ಪು ಬಟ್ಟೆ ಬಿಗಿದರು. ಜನ ಅತ್ತರು. ಆಮೇಲೆ ಸಾವಿನ ಮನೆಯವರೆಲ್ಲ ಅದನ್ನೇ ಕೇಳತೊಡಗಿದರು.

ಈ ವರ್ಷ ಮದುವೆಯ ಸುವರ್ಣ ಜುಬಿಲಿ. ಮೀನು ಶುಚಿ ಮಾಡುತ್ತಾ ಆನ್ಸಿಬಾಯಿ, "ಅವತ್ತು ನಮ್ಮ ಹಾಡು ಊದಿ," ಎಂದರು.

"ನಿನಗೆ ಮರುಳಾ? ಕೇಕ್ ಬಿಟ್ಟು ಜನ ಪೆಟ್ಟಿಗೆ ಎಲ್ಲುಂಟು ಅಂತ ಹುಡುಕ್ಯಾರು."

"ನನ್ನ ಪೆಟ್ಟಿಗೆಯ ಹಿಂದೆ ನೀವು ಹೇಗೂ ಅದನ್ನೇ ಊದುವುದು. ಆಗ ನನಗೆ ಕೇಳ್ಲಿಕ್ಕುಂಟಾ? ಕಿವಿ ಇರುವಾಗ ಒಮ್ಮೆ ಊದಿ."

ನೊರ್ಬರ್ಟರು ಮರುದಿನವೇ ಅಭ್ಯಾಸ ಶುರುಮಾಡಿದರು. ಊದಿದಷ್ಟು ಸಲವೂ ಮೊದಲ ಸ್ವರ ತಾನಾಗಿ ಉದ್ದವಾಗುತ್ತಿತ್ತು. ಮೊದಲಿನಿಂದಲೂ ಬ್ಯಾಂಡಿನ ಡ್ರಮ್ಮು ಬಾರಿಸುತ್ತಿದ್ದ ನೋಣಯ್ಯ ಬಿಜೈಯಿಂದ ಸ್ಕೂಟರಿನಲ್ಲಿ ಬಂದು ಕೂತು ಊದುವುದನ್ನು ಕೇಳಿದ. ನೊರ್ಬರ್ಟರನ್ನು ಅವನು ಕರೆಯುತ್ತಿದ್ದದ್ದು ತುಳುವಿನಲ್ಲಿ, ಪೊರ್ಬುಲು ಎಂದೇ.

"ಎಂತ ಪೊರ್ಬುಲೇ, ಮದುವೆ ಹಾಡು ಅಂತ ಹೊರಟು ಪುನಃ ಗುಂಡಿಗೇ ಇಳಿದ್ರಲ್ಲ!"

"ತುಟಿ ಕೇಳುದಿಲ್ಲ ಮಾರಾಯ. ಹೆಣದ ಹಿಂದೆ ನಡೆದು ನಡೆದು ಅದಕ್ಕೆ ಅದೇ ಅಭ್ಯಾಸ."

"ಬಾಯಮ್ಮ ಕೇಳಿದ್ದು ಒಂದೇ. ಅದೂ ಆಗುದಿಲ್ವಾ?" ಎಂದು ನೋಣಯ್ಯ ಡ್ರಮ್ಮಿನ ಕೋಲು ಎತ್ತಿಕೊಂಡ.

ಜುಬಿಲಿಯ ಸಂಜೆ, ಇಗರ್ಜಿಯ ಹಾಲ್. ಕೇಕ್ ಕತ್ತರಿಸಿದ ಮೇಲೆ ನೊರ್ಬರ್ಟರು ಟ್ರಂಪೆಟ್ ತುಟಿಗಿಟ್ಟರು. ಮೊದಲ ಸ್ವರ ಉದ್ದವಾಯಿತು. ಕುರ್ಚಿಗಳು ಸರಿದ ಸದ್ದು. ಹಿರಿಯರೆಲ್ಲ ಎದ್ದು ನಿಂತಿದ್ದರು. ನೆರೆಮನೆಯ ಎಸ್ತೆರ್‌ಬಾಯಿ ಒಂದು ಕೈಯಲ್ಲಿ ಇಡ್ಲಿಯಂಥ ಸಾನ್ನದ ಪ್ಲೇಟು ಹಿಡಿದು ಇನ್ನೊಂದರಲ್ಲಿ ಶಿಲುಬೆಯ ಗುರುತು ಮಾಡಿದರು. ನೊರ್ಬರ್ಟರಿಗೆ ನಿಲ್ಲಿಸಿಬಿಡೋಣವೆನಿಸಿತು.

ನೋಣಯ್ಯನ ಡ್ರಮ್ಮಿಗೆ ಬಟ್ಟೆ ಇರಲಿಲ್ಲ. ಒಂದು, ಎರಡು, ಮೂರು. ಎಳೆದ ಸ್ವರಕ್ಕಾಗಿ ಅವನು ಕಾಯಲಿಲ್ಲ, ಮುಂದೆ ಹೋದ. ಸ್ವರ ಅವನ ಹಿಂದೆ ಓಡಬೇಕಾಯಿತು. ಒಂದೆರಡು ಕಡೆ ಮುಗ್ಗರಿಸಿತು. ಮೂರನೆಯ ಸಾಲಿಗೆ ಬರುವಾಗ ಹಾಡಿಗೆ ತನ್ನ ಹಳೆಯ ತೂಗಾಟ ನೆನಪಾಗಿತ್ತು.

ನಿಂತವರಿಗೆ ಕೂರಬೇಕೋ ಬೇಡವೋ ತಿಳಿಯಲಿಲ್ಲ.

"ಹೇಗೂ ಎದ್ದದ್ದಾಯ್ತಲ್ಲ," ಎಂದರು ಆನ್ಸಿಬಾಯಿ, "ಇನ್ನು ಜೊತೆ ಹಿಡ್ಕೊಳ್ಳಿ!"

ನಗೆ ಎದ್ದಿತು. ಜೋಡಿಗಳು ನಡುವಿಗೆ ಬಂದವು. ಕ್ಲಾರಿನೆಟ್ಟಿನ ಡೆರಿಲ್ ಹಾಡನ್ನು ಎತ್ತಿಕೊಂಡು ನೊರ್ಬರ್ಟರಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಅವರು ಟ್ರಂಪೆಟನ್ನು ಕುರ್ಚಿಯ ಮೇಲಿಟ್ಟರು. ಎದುರಿಗೆ ಆನ್ಸಿಬಾಯಿ ಕೈ ಚಾಚಿ ನಿಂತಿದ್ದರು.

"ಕೇಳಿತಾ?" ಎಂದರು ನೊರ್ಬರ್ಟರು.

"ಕೇಳಿತು. ಈಗ ಕಾಲು ನೋಡ್ಬೇಡಿ, ನನ್ನನ್ನು ನೋಡಿ."